ಕೊನೆ ಗೊತ್ತಿದ್ದೂ ನೋಡುವವರು

ಹಳೆಯ ಧಾರಾವಾಹಿಗಳ ಮಾತು ಬಂದರೆ ನಮ್ಮ ಸಾಹಿತ್ಯವಲಯದಲ್ಲಿ ತೀರ್ಪು ಮೊದಲೇ ಸಿದ್ಧವಿರುತ್ತದೆ. ದೂರದರ್ಶನದ ಕಾಲ ಬಂಗಾರದ ಕಾಲ. ಖಾಸಗಿ ವಾಹಿನಿಗಳು ಬಂದ ಮೇಲೆ ಉಳಿದದ್ದು ಅತ್ತೆ-ಸೊಸೆ ಕಿತ್ತಾಟ ಮತ್ತು ಅಡುಗೆಮನೆಯಲ್ಲೂ ರೇಷ್ಮೆ ಸೀರೆ. ಇದನ್ನು ನಾನು ವಿಚಾರಸಂಕಿರಣಗಳಲ್ಲಿ ಕೇಳಿದ್ದೇನೆ, ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ರಾಯಚೂರಿನಿಂದ ಮಾನ್ವಿಗೆ ಬರುವ ಬಸ್ಸಿನಲ್ಲಿ ನಿವೃತ್ತ ಮಾಸ್ತರರ ಬಾಯಲ್ಲೂ ಕೇಳಿದ್ದೇನೆ. ನನ್ನ ತಕರಾರು ಒಂದೇ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಆ ಧಾರಾವಾಹಿಗಳನ್ನು ಮತ್ತೊಮ್ಮೆ ನೋಡಿಲ್ಲ. ನೆನಪು ಮಾಡಿಕೊಂಡಿದ್ದಾರೆ, ಅಷ್ಟೆ. ಶೀರ್ಷಿಕೆಗೀತೆಯ ಎರಡು ಸಾಲು, ಭಾನುವಾರದ ಬೆಳಗು, ಓಣಿಗೊಂದೇ ಟಿವಿ, ಹೊಸ್ತಿಲಾಚೆ ಕೂತು ನೋಡಿದ್ದು: ಇವೆಲ್ಲ ಅವರ ಬಾಲ್ಯದ ಗುಣಗಳು. ಧಾರಾವಾಹಿಯ ಗುಣಗಳು ಅಂತ ಅವನ್ನು ನಮಗೆ ದಾಟಿಸುತ್ತಿದ್ದಾರೆ.

ನಾನು ಹುಟ್ಟುವ ಹೊತ್ತಿಗೆ 'ಮಾಲ್ಗುಡಿ ಡೇಸ್' ಬಂದು ಹತ್ತು ವರ್ಷವಾಗಿತ್ತು. ಆ ಭಾನುವಾರಗಳ ಋಣ ನನಗಿಲ್ಲ. ಪಿಎಚ್‌ಡಿಯ ನೆಪದಲ್ಲಿ ಈ ಹಳೆಯ ಕಂತುಗಳನ್ನು ಮೊಬೈಲಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಒಂದಕ್ಕೆ ಎರಡು ಬಾರಿ ನೋಡಿದ್ದೇನೆ. ರಜೆಗೆ ನೀರಮಾನ್ವಿಗೆ ಬಂದಾಗ ಮನೆಯವರ ಜೊತೆ ಕೂತು ಮತ್ತೊಮ್ಮೆ ನೋಡಿದ್ದೇನೆ. ಅದರ ಮೇಲೆ ಹೇಳುತ್ತೇನೆ: ಹಳೆಯದು-ಹೊಸದು, ಸರಕಾರಿ-ಖಾಸಗಿ ಎಂಬ ಗೆರೆ ಮರುನೋಟದ ಮುಂದೆ ನಿಲ್ಲುವುದಿಲ್ಲ. ನಿಲ್ಲುವ ಧಾರಾವಾಹಿಗಳನ್ನು ನಿಲ್ಲದವುಗಳಿಂದ ಬೇರೆ ಮಾಡುವ ಗೆರೆ ಮತ್ತೆಲ್ಲೋ ಇದೆ.

ಮರುನೋಟ ಅಂದರೇನು ಎಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಯಲಾಟಕ್ಕೆ ಹೋಗಿ ರಾತ್ರಿಯಿಡೀ ಕೂರುವವರಿಗೆ ಕೌರವ ಸಾಯುತ್ತಾನೆ ಎಂಬುದು ಗೊತ್ತು. ಮೊಹರಂನ ಹತ್ತು ದಿನ ರಿವಾಯತ್ ಪದ ಹಾಡುವವರಿಗೂ, ಸುತ್ತ ನಿಂತು ಕೇಳುವವರಿಗೂ ಕರ್ಬಲಾದಲ್ಲಿ ಏನಾಯಿತು ಎಂಬುದು ಗೊತ್ತು. ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ವನ್ನು ಬೆಳಿಗ್ಗೆ ಎದ್ದು ಓದುವ ಮನೆಗಳಲ್ಲಿ ಅದು ಯಾರಿಗೂ ಹೊಸ ಪುಸ್ತಕವಲ್ಲ. ಕತೆ ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಇಲ್ಲಿ ಬೆಲೆಯೇ ಇಲ್ಲ. ಹೋದ ವರ್ಷದ ಭೀಮನಿಗಿಂತ ಈ ವರ್ಷದ ಭೀಮ ಮಾತು ಹೇಗೆ ಹೇಳಿದ ಎಂಬುದನ್ನು ಬೆಳಗಾದ ಮೇಲೆ ಕಟ್ಟೆಯ ಮೇಲೆ ಕೂತು ಚರ್ಚೆ ಮಾಡುತ್ತಾರೆ. ಕೊನೆ ಗೊತ್ತಿದ್ದ ಮೇಲೂ ಉಳಿಯುವುದೇನು? ನಮ್ಮ ಜನ ತಲೆಮಾರುಗಳಿಂದ ಕೇಳಿಕೊಂಡು ಬಂದ ವಿಮರ್ಶೆಯ ಪ್ರಶ್ನೆ ಇದು. ಧಾರಾವಾಹಿಗೂ ಇದನ್ನೇ ಕೇಳೋಣ.

2020ರಲ್ಲಿ ಇಡೀ ದೇಶವೇ ಈ ಪರೀಕ್ಷೆಗೆ ಕೂತಿತು. ಲಾಕ್‌ಡೌನ್ ಶುರುವಾದ ನಾಲ್ಕನೆಯ ದಿನ, ಮಾರ್ಚ್ 28ರಿಂದ, ರಾಮಾನಂದ ಸಾಗರರ 'ರಾಮಾಯಣ', ಬಿ.ಆರ್. ಚೋಪ್ರಾರ 'ಮಹಾಭಾರತ' ಎರಡೂ ಮರುಪ್ರಸಾರವಾದವು. ಒಂದು 1987ರಲ್ಲಿ, ಇನ್ನೊಂದು 1988ರಲ್ಲಿ ಶುರುವಾದದ್ದು. ಎರಡಕ್ಕೂ ಒಂದೇ ಬಗೆಯ ಕಿರೀಟ, ಒಂದೇ ಬಗೆಯ ಬಾಣಗಳ ಡಿಕ್ಕಿ. ಆದರೆ ಮತ್ತೆ ನೋಡುವಾಗ ಮೊದಲನೆಯದರಲ್ಲಿ ಒಂದು ಮಾತಿಗೆ ನಾಲ್ಕು ಮುಖ ತೋರಿಸುವ ನಿಧಾನ ಬೇಸರ ತರುತ್ತದೆ. ಎರಡನೆಯದು ಇವತ್ತಿಗೂ ಕೂರಿಸುತ್ತದೆ. ಅದರ ಮಾತು ಬರೆದವರು ರಾಹಿ ಮಾಸೂಮ್ ರಜಾ. ಅಲ್ಲಿ ಶಕುನಿಗೂ ಒಂದು ವಾದವಿದೆ, ಕರ್ಣನಿಗೂ ಒಂದು ಲೆಕ್ಕವಿದೆ, ಸಭೆಯಲ್ಲಿ ದ್ರೌಪದಿ ಕೇಳುವ ಪ್ರಶ್ನೆಗೆ ಭೀಷ್ಮನ ಬಳಿ ಉತ್ತರವಿಲ್ಲ. ಬಯಲಾಟದವರು ಕಟ್ಟೆಯ ಮೇಲೆ ಕೂತು ಮಾತಾಡುವುದು ಇಂಥದ್ದನ್ನೇ. ಒಂದೇ ವಾಹಿನಿ, ಹೆಚ್ಚು ಕಡಿಮೆ ಒಂದೇ ಕಾಲ. ಆದರೂ ಒಂದು ನಿಂತಿತು, ಇನ್ನೊಂದು ಭಕ್ತಿಯ ಬಲದ ಮೇಲೆ ನಿಂತಿತು. ಹಾಗಾಗಿ 'ಆ ಕಾಲ' ಎಂಬ ಮಾತೊಂದರಿಂದ ಏನೂ ತೀರ್ಮಾನವಾಗುವುದಿಲ್ಲ.

ಈಗ ಕನ್ನಡಕ್ಕೆ ಬರೋಣ. ಎಲ್ಲರ ಪಟ್ಟಿಯಲ್ಲೂ ಮೊದಲು ಬರುವುದು ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'. ಅದು ಮರುನೋಟಕ್ಕೆ ನಿಲ್ಲುತ್ತದೆ, ಅನುಮಾನ ಬೇಡ. ಆದರೆ ಆಗುಂಬೆಯ ಮಳೆ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣರ ಗೆರೆಗಳು ಇವು ಮಾತ್ರ ಅದನ್ನು ನಿಲ್ಲಿಸಿಲ್ಲ. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಕೆಲಸವಿದೆ. ಕಾಗದ ಹಂಚುವ ಅಂಚೆಯವನು ಮನೆಮನೆಯ ಸುದ್ದಿ ಬಲ್ಲವನು, ಜ್ಯೋತಿಷಿ ದಿನದ ಕೂಲಿಗೆ ಸುಳ್ಳು ಹೇಳುವವನು, ಮಿಠಾಯಿ ಅಂಗಡಿಯವನು ಗಾಂಧಿಯ ಮಾತನ್ನೂ ಗಲ್ಲಾಪೆಟ್ಟಿಗೆಯನ್ನೂ ಒಟ್ಟಿಗೆ ಕಾಯುವವನು. ಕತೆ ಮುಗಿದಾಗ ನಿಜವಾಗಿ ಮುಗಿಯುತ್ತದೆ. ನಾಳೆಯೂ ಬರಲಿ ಎಂದು ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ಗುಡುಗು ಹೊಡೆಸುವುದಿಲ್ಲ.

ಆದರೆ ಈ ಹೊಗಳಿಕೆಯವರು ನುಂಗಿಹಾಕುವ ಒಂದು ಸಂಗತಿಯಿದೆ. ಕನ್ನಡದ ನಿರ್ದೇಶಕ, ಹೆಚ್ಚಿನವರು ಕನ್ನಡದ ನಟರು, ಕನ್ನಡದ ಮಲೆನಾಡು. ಧಾರಾವಾಹಿ ತಯಾರಾದದ್ದು ಮಾತ್ರ ಹಿಂದಿ, ಇಂಗ್ಲಿಷಿನಲ್ಲಿ. ಅದು ಕನ್ನಡ ಮಾತಾಡಿದ್ದು 2020ರಲ್ಲಿ, ಜೀ ಕನ್ನಡ ಡಬ್ ಮಾಡಿ ತೋರಿಸಿದಾಗ. ಯಾವ ಡಬ್ಬಿಂಗನ್ನು ದಶಕಗಳ ಕಾಲ ಬೀದಿಗಿಳಿದು ತಡೆದೆವೋ ಅದೇ ಡಬ್ಬಿಂಗಿನ ಮೂಲಕ ನಮ್ಮ 'ಅತ್ಯುತ್ತಮ ಕನ್ನಡ ಧಾರಾವಾಹಿ' ಕನ್ನಡಕ್ಕೆ ಬಂತು. ಅಂದರೆ ನಮ್ಮ ಹೆಮ್ಮೆಯ ಪಟ್ಟಿಯ ಮೊದಲ ಹೆಸರೇ ಮೂವತ್ತು ವರ್ಷ ನಮ್ಮ ಭಾಷೆಯಲ್ಲಿ ಇರಲಿಲ್ಲ. ಹಿಂದಿ ಸರಿಯಾಗಿ ತಿಳಿಯದ ನಮ್ಮೂರಿನ ಹೆಂಗಸರು ಆ ಭಾನುವಾರಗಳಲ್ಲಿ ಏನು ನೋಡಿದರು ಎಂದು ಯಾವ ನೆನಪಿನ ಲೇಖನವೂ ಕೇಳಿಲ್ಲ.

ಸದಾನಂದ ಸುವರ್ಣರ 'ಗುಡ್ಡದ ಭೂತ' ಹದಿಮೂರು ಕಂತುಗಳಲ್ಲಿ ಮುಗಿಯಿತು. ಭೂತದ ಗುಟ್ಟು ಗೊತ್ತಾದ ಮೇಲೆ ಹೆದರಿಕೆ ಹೋಗುತ್ತದೆ. ಕರಾವಳಿಯ ಮನೆ, ಗುಡ್ಡದ ದಾರಿ, ಜನರ ಮಾತಿನ ಧಾಟಿ, ಎಳೆಯ ಪ್ರಕಾಶ್ ರೈ ಅವರ ಮುಖ ಉಳಿಯುತ್ತವೆ, ಅಷ್ಟು ಸಾಕಾಗುತ್ತದೆ. 1998ರಲ್ಲಿ ಚಂದನದಲ್ಲಿ ಬಂದ 'ಮಾಯಾಮೃಗ'ವನ್ನು ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರು ಸೇರಿ ನಿರ್ದೇಶಿಸಿದರು. ಅದು ದಿನವಹಿ ಧಾರಾವಾಹಿ, ಉದ್ದವೂ ಹೌದು. ಆದರೂ ಮತ್ತೆ ನೋಡಿಸಿಕೊಳ್ಳುತ್ತದೆ. ಅಲ್ಲಿನ ಮಧ್ಯಮವರ್ಗದ ಮನೆಯಲ್ಲಿ ಸಂಬಳದ ಚಿಂತೆಯಿದೆ, ಕೆಲಸ ಹುಡುಕುವ ಹೆಣ್ಣುಮಕ್ಕಳಿದ್ದಾರೆ, ಊಟದ ಹೊತ್ತಿನಲ್ಲಿ ರಾಜಕೀಯ ಮಾತಾಡುವ ಗಂಡಸರಿದ್ದಾರೆ. ಮನೆಯ ದುಃಖಕ್ಕೂ ಹೊರಗಿನ ಲೋಕಕ್ಕೂ ನಡುವೆ ಬಾಗಿಲು ತೆರೆದೇ ಇರುತ್ತದೆ.

ಸೀತಾರಾಮ್ ಅವರ ಮುಂದಿನ ಧಾರಾವಾಹಿಗಳ ಬಗ್ಗೆ ಅಷ್ಟೇ ಮೆಚ್ಚುಗೆ ನನಗಿಲ್ಲ. ನ್ಯಾಯಾಲಯದ ದೃಶ್ಯಗಳು ಮೊದಲ ಸಲ ಉಸಿರು ಬಿಗಿಹಿಡಿಸುತ್ತವೆ. ಎರಡನೆಯ ಸಲ ನೋಡಿದರೆ ಎದುರು ವಕೀಲನಿಗೆ ಒಂದು ಗಟ್ಟಿ ಮಾತನ್ನೂ ಬಿಟ್ಟುಕೊಟ್ಟಿಲ್ಲ ಎಂಬುದು ಕಾಣುತ್ತದೆ. ಸಿಎಸ್‌ಪಿ ಎದ್ದು ನಿಂತರೆ ನ್ಯಾಯವೂ ಎದ್ದು ನಿಂತಂತೆ. ಕೊನೆ ಗೊತ್ತಿದ್ದ ಮೇಲೆ ಉಳಿಯುವ ವಾದ ಎರಡೂ ಕಡೆಯಿಂದ ಬರಬೇಕು. ಇಷ್ಟಾದರೂ 'ಮಗಳು ಜಾನಕಿ' 2020ರಲ್ಲಿ ಲಾಕ್‌ಡೌನಿನ ನಡುವೆ ಅರ್ಧಕ್ಕೇ ನಿಂತುಹೋದಾಗ ಆದ ನಷ್ಟ ಸಣ್ಣದಲ್ಲ. ಕೊನೆಯೇ ಇಲ್ಲದ ಕತೆಯನ್ನು ಯಾರೂ ಮರಳಿ ನೋಡಲಾರರು.

ಖಾಸಗಿ ವಾಹಿನಿ ಬಂದು ಕೆಡಿಸಿತು ಎನ್ನುವವರ ಮುಂದೆ ನಾನು ಇಡುವುದು 'ಗೃಹಭಂಗ'. ಭೈರಪ್ಪನವರ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿ ಮಾಡಿದ್ದು ಈಟಿವಿ ಕನ್ನಡಕ್ಕೆ, ಅಂದರೆ ಅದೇ ಖಾಸಗಿ ವಾಹಿನಿಗೆ. ನಾನು ನೋಡಿದ ಕನ್ನಡ ಧಾರಾವಾಹಿಗಳಲ್ಲಿ ಮರುನೋಟಕ್ಕೆ ಇದರಷ್ಟು ಗಟ್ಟಿಯಾಗಿ ನಿಲ್ಲುವುದು ಇನ್ನೊಂದಿಲ್ಲ. ನಂಜಮ್ಮ ಗಂಡನ ಹೆಸರಿನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನು ಕೂತು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚಿ ಕಾಸು ಕಾಣುತ್ತಾಳೆ. ಪ್ಲೇಗು ಬರುತ್ತದೆ, ಮಕ್ಕಳನ್ನು ಕೊಂಡೊಯ್ಯುತ್ತದೆ. ಇದೆಲ್ಲ ಮೊದಲೇ ಗೊತ್ತು. ಗೊತ್ತಿದ್ದೂ ನೋಡುವಾಗ ಕಣ್ಣು ಸಾವಿನ ಮೇಲೆ ನಿಲ್ಲುವುದಿಲ್ಲ, ಆ ಲೆಕ್ಕದ ಪುಸ್ತಕದ ಮೇಲೆ ನಿಲ್ಲುತ್ತದೆ. ಈ ಹೆಂಗಸು ಊರಿನ ಕಂದಾಯವನ್ನೆಲ್ಲ ತಾಳೆ ಮಾಡಬಲ್ಲಳು. ಅವಳ ಬದುಕಿನ ಲೆಕ್ಕ ಮಾತ್ರ ಯಾರೂ ಇಡಲಿಲ್ಲ. ಮೊದಲ ಸಲ ಅಳು ಬಂದ ಜಾಗದಲ್ಲಿ ಎರಡನೆಯ ಸಲ ಸಿಟ್ಟು ಬರುತ್ತದೆ. ಅದು ಧಾರಾವಾಹಿಯ ಗೆಲುವು.

ಪಕ್ಕದಲ್ಲಿ ಅದೇ ವಾಹಿನಿಯ 'ಪುಟ್ಟಗೌರಿ ಮದುವೆ'ಯನ್ನು ಇಡಿ. ಹಿಂದಿಯ 'ಬಾಲಿಕಾ ವಧು'ವಿನ ಜಾಡಿನಲ್ಲಿ 2012ರಲ್ಲಿ ಶುರುವಾದದ್ದು. ಬಾಲ್ಯವಿವಾಹ ನಮ್ಮ ಜಿಲ್ಲೆಗೆ ಓದಿ ತಿಳಿಯುವ ವಿಷಯವಲ್ಲ. ಶಾಲೆಯ ಬೆಂಚಿನಿಂದ ಎದ್ದು ಹೋದ ಹುಡುಗಿಯರನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ಹಾಗಾಗಿ ಮೊದಲ ಕಂತುಗಳು ಬಂದಾಗ ನಮ್ಮ ಓಣಿ ಸುಮ್ಮನೆ ಕೂತು ನೋಡಿತು. ಆಮೇಲಿನ ವರ್ಷಗಳಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟಿತು? ಗೌರಿ ಪ್ರಪಾತಕ್ಕೆ ಬಿದ್ದಳು, ಕಾಡು ಸುತ್ತಿದಳು, ಸಾವು ಅವಳನ್ನು ಮುಟ್ಟಲಿಲ್ಲ, ಇಡೀ ನಾಡು ಟ್ರೋಲ್ ಮಾಡಿ ನಕ್ಕಿತು. ನಗುವಿನ ನಡುವೆ ಒಂದು ಪ್ರಶ್ನೆ ಸತ್ತುಹೋಯಿತು. ಎಳೆಯ ಹುಡುಗಿಯ ಮದುವೆ ಎಂಬ ನಿಜವಾದ ಗಾಯವನ್ನು ಬಂಡವಾಳ ಮಾಡಿಕೊಂಡು, ಬಡ್ಡಿ ತಿಂದು, ಅಸಲನ್ನೇ ಮರೆತುಬಿಟ್ಟರು.

ಇದು ಬರೆದವರ ಅಸಾಮರ್ಥ್ಯವಷ್ಟೇ ಅಂತ ನಾನು ಹೇಳುವುದಿಲ್ಲ. ದಿನಕ್ಕೊಂದು ಕಂತು, ಪ್ರತಿ ಜಾಹೀರಾತಿಗೆ ಮುಂಚೆ ಒಂದು ಬೆಚ್ಚಿಬೀಳುವಿಕೆ, ಗುರುವಾರ ಬರುವ ಟಿಆರ್‌ಪಿ. ಕತೆಯ ಕೊನೆ ಕತೆಗಾರನ ಕೈಯಲ್ಲಿಲ್ಲ. ಅಂಕಿ ಬಿದ್ದರೆ ನಾಳೆಯೇ ಮುಗಿಸು, ಎದ್ದರೆ ಇನ್ನೊಂದು ಸಾವಿರ ಕಂತು ಎಳೆ. ಹೀಗೆ ಬರೆಯುವಾಗ ಪಾತ್ರಕ್ಕೆ ಕೆಲಸ ಕೊಡಲಾಗುವುದಿಲ್ಲ. ಕೆಲಸಕ್ಕೆ ಹೊತ್ತು ಬೇಕು, ಕಲಿಕೆ ಬೇಕು. ಸಂಚಿಗೆ ಒಂದು ಕಂಬದ ಮರೆ ಸಾಕು. ಅದಕ್ಕೇ ನಮ್ಮ ಧಾರಾವಾಹಿಗಳ ನಾಯಕ ನೂರು ಕೋಟಿಯ ಉದ್ಯಮಿ ಆಗಿರುತ್ತಾನೆ. ಯಾವ ಉದ್ಯಮ ಎಂದು ಕೇಳಿದರೆ ಅವನ ತಾಯಿಗೂ ಗೊತ್ತಿರುವುದಿಲ್ಲ.

ಇದಕ್ಕೊಂದು ಪ್ರತಿವಾದವಿದೆ, ನ್ಯಾಯವಾದದ್ದೇ. ಸಂಜೆಯ ಧಾರಾವಾಹಿ ಮರುನೋಟಕ್ಕೆ ಮಾಡಿದ್ದಲ್ಲ. ಹೊಲದಿಂದ ಬಂದ ಹೆಣ್ಣುಮಗಳು ರೊಟ್ಟಿ ಬಡಿಯುತ್ತಾ, ಅರ್ಧ ನೋಡಿ ಅರ್ಧ ಕೇಳಿ, ದಣಿವು ಕಳೆಯಲಿಕ್ಕೆ ಇರುವುದು. ಅದನ್ನು ಹೀಗಳೆಯುವುದು ಓದಿದವರ ಸೊಕ್ಕು. ಸೊಕ್ಕು ಎಂಬುದನ್ನು ಒಪ್ಪುತ್ತೇನೆ. ಕ್ರಿಕೆಟ್ಟಿಗೆ ಇಡೀ ದಿನ ಕೊಡುವ ಗಂಡಸರು ಹೆಂಗಸರ ಅರ್ಧ ಗಂಟೆಯನ್ನು ಆಡಿಕೊಳ್ಳುವುದು ನನಗೂ ಸಹಿಸುವುದಿಲ್ಲ. ಆದರೆ ಹತ್ತಿ ಬಿಡಿಸಿ ಬಂದ ಕೈಗಳು ದಿನದಲ್ಲಿ ತಮಗೆಂದು ಎತ್ತಿಟ್ಟುಕೊಳ್ಳುವುದು ಅದೊಂದೇ ತಾಸು ಆಗಿದ್ದರೆ, ಆ ತಾಸಿಗೆ ಉಳಿಯುವಂಥದ್ದನ್ನು ಕೊಡಬೇಕು. ದಣಿದವರಿಗೆ ಹಳಸಿದ್ದೇ ಸಾಕು ಎನ್ನುವುದೂ ಒಂದು ಸೊಕ್ಕೇ. ನಮ್ಮವ್ವನ ಜೊತೆ ಕೂತು 'ಗೃಹಭಂಗ' ನೋಡಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ, ಆದರೆ ನಡುವೆ ಒಂದು ಮಾತು ಹೇಳಿದಳು: "ಲೆಕ್ಕ ಬರ್ಯಾಕಿ ಅಕಿ, ಹೆಸರು ಮಾತ್ರ ಗಂಡಂದು." ನನ್ನ ಪ್ರಬಂಧದ ಒಂದು ಅಧ್ಯಾಯ ಅಷ್ಟರಲ್ಲಿ ಮುಗಿದಿತ್ತು.

ಇನ್ನು ನಮ್ಮ ಸೀಮೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ಮರುನೋಟದ ಪಟ್ಟಿಗಳಲ್ಲಿ ನಾವು ಎಲ್ಲೂ ಇಲ್ಲ. ಈ ನಾಡಿನಲ್ಲಿ ಟಿವಿಯನ್ನು ಮೊದಲು ನೋಡಿದವರು ಯಾರು? 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ, ಅಮೆರಿಕದ ನಾಸಾದ ಉಪಗ್ರಹವೊಂದನ್ನು ಎರವಲು ಪಡೆದು, ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿತು. 'ಸೈಟ್' ಎಂದು ಹೆಸರಾದ ಪ್ರಯೋಗ ಅದು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಗುಲ್ಬರ್ಗಾದಲ್ಲಿ 1977ರಲ್ಲೇ ಟಿವಿ ಪ್ರಸಾರ ಶುರುವಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರಿನಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು ನಮ್ಮ ಜಿಲ್ಲೆಯ ಹಳ್ಳಿಗಳ ರೈತರು ಕನ್ನಡದಲ್ಲಿ ಟಿವಿ ನೋಡಿದ್ದರು. ಮೊದಲ ಪ್ರೇಕ್ಷಕರು ನಾವು. ಐವತ್ತು ವರ್ಷದಲ್ಲಿ ನಮ್ಮನ್ನು ತೆರೆಯ ಮೇಲೆ ಎಷ್ಟು ಸಲ ಕಂಡಿರಿ?

'ಮೂಡಲ ಮನೆ' ಇದೆಯಲ್ಲ ಎನ್ನಬಹುದು. ವೈಶಾಲಿ ಕಾಸರವಳ್ಳಿ ಅದನ್ನು ಪ್ರೀತಿಯಿಂದ ಮಾಡಿದರು. ಉತ್ತರ ಕರ್ನಾಟಕದ ಮಾತನ್ನು ನಗೆಪಾಟಲು ಮಾಡದೆ ಮನೆಯ ಮಾತಾಗಿ ಕೇಳಿಸಿದರು. ಮರುನೋಟಕ್ಕೂ ಅದು ಸಲ್ಲುತ್ತದೆ. ಆದರೆ ಅದು ಧಾರವಾಡ ಸೀಮೆಯ ಮಾತು. ಆ ಮಾತನ್ನೇ 'ಉತ್ತರ ಕರ್ನಾಟಕದ ಭಾಷೆ' ಎಂದು ಒಂದೇ ಚೀಲಕ್ಕೆ ತುಂಬಿ, ರಾಯಚೂರಿನ ಉರ್ದು-ತೆಲುಗು ಬೆರೆತ ಕನ್ನಡವನ್ನು ಹೊರಗಿಟ್ಟರು. ಉಳಿದ ಧಾರಾವಾಹಿಗಳಲ್ಲಿ ನಮ್ಮ ಮಾತು ಬರುವುದು ವಾಚ್‌ಮನ್ನನ ಬಾಯಲ್ಲಿ, ಅಡುಗೆಯವಳ ಬಾಯಲ್ಲಿ, ಬೆಂಗಳೂರಿಗೆ ಬಂದು ದಾರಿ ತಪ್ಪಿದವನ ಬಾಯಲ್ಲಿ. ಗುಳೆ ಹೋದವರು ಅಲ್ಲಿ ಕಟ್ಟಡ ಕಟ್ಟುತ್ತಾರೆ ನಿಜ. ಆದರೆ ಧಾರಾವಾಹಿಯಲ್ಲಿ ಅವರು ಕಟ್ಟುವುದನ್ನು ಯಾರೂ ತೋರಿಸಲಿಲ್ಲ. ಅವರು ಮಾತಾಡುವುದನ್ನು ತೋರಿಸಿ ನಗೆಯ ಸದ್ದು ಸೇರಿಸಿದರು. ಮೊದಲ ನೋಟದಲ್ಲಿ ಇದು ತಮಾಷೆ. ಎರಡನೆಯ ನೋಟದಲ್ಲಿ ಆ ನಗೆಯ ಸದ್ದು ಯಾವ ಪದದ ಮೇಲೆ ಬೀಳುತ್ತದೆ ಎಂಬುದು ಕೇಳಿಸುತ್ತದೆ. ಅದು ನಮ್ಮವ್ವ ದಿನವೂ ಆಡುವ ಪದ. ನಮ್ಮ ಕಡೆಯ ಎಷ್ಟೋ ಮನೆಗಳು ತೆಲುಗು ಧಾರಾವಾಹಿಗಳಿಗೆ ಒಲಿದಿದ್ದರೆ ಅದಕ್ಕೆ ಗಡಿ ಹತ್ತಿರವಿರುವುದೊಂದೇ ಕಾರಣವಲ್ಲ.

ಹಾಗಾದರೆ ನಮ್ಮ ಸೀಮೆ ತನ್ನದೆಂದು ಒಪ್ಪಿದ ಧಾರಾವಾಹಿ ಯಾವುದು? 2020ರ ಜುಲೈನಲ್ಲಿ ಜೀ ಕನ್ನಡದಲ್ಲಿ ಡಬ್ ಆಗಿ ಬಂದ 'ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್'. ಹಳ್ಳಿಹಳ್ಳಿಗಳಲ್ಲಿ ಜನ ತಾವೇ ದುಡ್ಡು ಕೂಡಿಸಿ ಧಾರಾವಾಹಿಗೆ ಫ್ಲೆಕ್ಸ್ ಕಟ್ಟಿದರು. ಪ್ರಸಾರ ನಿಲ್ಲಿಸಬೇಕೆಂದು ವಾಹಿನಿಯವರಿಗೆ ಬೆದರಿಕೆ ಕರೆಗಳೂ ಹೋದವು. ಕನ್ನಡದ ಯಾವ ಧಾರಾವಾಹಿಗೆ ಈ ಎರಡೂ ಒಟ್ಟಿಗೆ ಸಿಕ್ಕಿದ್ದವು? ನಮ್ಮ ಪತ್ರಿಕೆಗಳ ನೆನಪಿನ ಪಟ್ಟಿಗಳು ಮಾತ್ರ ಇದನ್ನು ಇನ್ನೂ ಒಳಗೆ ಕರೆದುಕೊಂಡಿಲ್ಲ.

ಹಾಗೆಂದು ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಮರಳಿ ನೋಡಿದರೆ ಅದರಲ್ಲೂ ದಿನವಹಿ ಧಾರಾವಾಹಿಯ ರೋಗಗಳೆಲ್ಲ ಇವೆ: ನಿಧಾನಗತಿಯ ನಡಿಗೆ, ಕಣ್ಣರಳಿಸುವ ಖಳರು, ಕಂತು ಹಿಗ್ಗಿಸಲು ಹೊಸೆದ ಸಂಚುಗಳು. ಇವು ಯಾವುವೂ ಎರಡನೆಯ ನೋಟಕ್ಕೆ ನಿಲ್ಲುವುದಿಲ್ಲ. ಆದರೆ ತರಗತಿಯಲ್ಲಿ ಬೇರೆ ಕೂರಿಸಿದ ಹುಡುಗ, ಮುಟ್ಟಗೊಡದ ನೀರು, ಓದಲೇಬೇಕೆಂಬ ಅಪ್ಪನ ಹಟ ನಿಲ್ಲುತ್ತವೆ. ಅವನ್ನು ನಿಲ್ಲಿಸಲು ಯಾವ ಸಂಚೂ ಬೇಕಿರಲಿಲ್ಲ. ಆ ಹುಡುಗ ಮುಂದೆ ಏನಾಗುತ್ತಾನೆ ಎಂಬುದು ಫ್ಲೆಕ್ಸ್ ಕಟ್ಟಿದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನೋಡಿದರು, ಬಯಲಾಟ ನೋಡಿದ ಹಾಗೆ.

ಹಾಗಾಗಿ ನನ್ನ ಗೆರೆ ಇದು. ಪಾತ್ರಗಳಿಗೆ ಕೆಲಸವಿರುವ, ಎದುರಾಳಿಗೂ ಮಾತು ಕೊಡುವ, ಮುಗಿಯುವ ಧೈರ್ಯವಿರುವ ಧಾರಾವಾಹಿ ಯಾವ ದಶಕದ್ದಾದರೂ, ಯಾವ ವಾಹಿನಿಯದ್ದಾದರೂ ಮರುನೋಟಕ್ಕೆ ನಿಲ್ಲುತ್ತದೆ. ಉಳಿದದ್ದು ಹಾಡು ಮತ್ತು ಹಂಬಲ. ಈ ಗೆರೆ ಎಳೆಯುವುದು ಬರಿಯ ರುಚಿಯ ಜಗಳವೂ ಅಲ್ಲ. ಏನನ್ನು ಕಾಪಾಡಬೇಕು, ಏನನ್ನು ಪಾಠ ಮಾಡಬೇಕು, ಮುಂದೆ ಯಾವ ಬಗೆಯ ಕತೆಗೆ ದುಡ್ಡು ಹಾಕಬೇಕು ಎಂಬುದು ಇಂಥ ಪಟ್ಟಿಗಳಿಂದಲೇ ತೀರ್ಮಾನವಾಗುತ್ತದೆ. ಹಂಬಲಕ್ಕೆ ಈಗಾಗಲೇ ಜಾಗ ಸಿಕ್ಕಿದೆ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. ಒಳ್ಳೆಯದೇ. ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ 'ವೇವ್ಸ್' ವೇದಿಕೆ ತೆರೆದಿದೆ; ಚಂದನದ ಹಳೆಯ ಧಾರಾವಾಹಿಗಳು ಅಲ್ಲಿ ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ, ಬರೆದವರ ಹೆಸರು ಮತ್ತು ವರ್ಷದ ಜೊತೆ ಸಾಲಾಗಿ ಸಿಗಬೇಕು. ಈಟಿವಿ ಕನ್ನಡದ ಕಾಲದ ಧಾರಾವಾಹಿಗಳ ಹಕ್ಕು ಯಾರ ಕೈಯಲ್ಲಿದೆಯೋ ಅವರೂ ಅಷ್ಟು ಮಾಡಬೇಕು. ಕನ್ನಡ ಅಧ್ಯಯನ ವಿಭಾಗಗಳು ಕಾದಂಬರಿಗೆ ಕೊಡುವ ಗಂಭೀರತೆಯಲ್ಲಿ ಹತ್ತನೆಯ ಒಂದು ಪಾಲನ್ನಾದರೂ ಧಾರಾವಾಹಿಗೆ ಕೊಡಬೇಕು. ನೆನಪಿನ ಲೇಖನ ಬರೆಯುವವರು ಬರೆಯುವ ಮುನ್ನ ದಯಮಾಡಿ ಹತ್ತು ಕಂತು ಮತ್ತೆ ನೋಡಬೇಕು.

ಕೊನೆಯದಾಗಿ ಕತೆ ಬರೆಯುವವರಿಗೆ ಒಂದು ಮಾತು. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗ ನಮ್ಮದು. ಮೇಲಿನವರು ಹರಿಸಿಕೊಂಡು ಮಿಕ್ಕ ನೀರು ಇಲ್ಲಿಗೆ ಮುಟ್ಟಬೇಕು. ಮುಟ್ಟದಿದ್ದಾಗ ಜನ ರಸ್ತೆಗೆ ಇಳಿಯುತ್ತಾರೆ, ಅಕ್ಕಪಕ್ಕದ ಹೊಲದವರು ಗೇಟಿನ ಬಳಿ ರಾತ್ರಿ ಕಾಯುತ್ತಾರೆ, ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಇದರಲ್ಲಿ ಕೆಲಸವಿದೆ, ಎರಡೂ ಕಡೆ ವಾದವಿದೆ, ಬೆಳೆ ಬರುವ ಅಥವಾ ಒಣಗುವ ಖಚಿತವಾದ ಕೊನೆಯಿದೆ. ಇಪ್ಪತ್ತಾರು ಕಂತು ಸಾಕು. ನಮ್ಮ ಕನ್ನಡದಲ್ಲೇ ಇರಲಿ, ನಗೆಯ ಸದ್ದು ಬೇಡ. ಕೊನೆ ಏನೆಂದು ನಮಗೆ ಮೊದಲೇ ಗೊತ್ತಿರುತ್ತದೆ. ಆದರೂ ಕೂತು ನೋಡುತ್ತೇವೆ.